ನೆಲದ ಕಸುಬಿನಲ್ಲಿ ಮೂಡಿದ ಚರ್ಚುಗಳು

ಕ್ರೈಸ್ತ ದೇವಾಲಯದ ಕಟ್ಟಡಕ್ಕೆ ಎರಡು ಮೂಲಗಳಿವೆ. ಒಂದು ಆರಾಧನೆಯ ಕ್ರಮ, ಇನ್ನೊಂದು ಕಟ್ಟುವ ನೆಲದ ಕಸುಬು. ಜನ ಎಲ್ಲಿ ನೆರೆಯಬೇಕು, ಬಲಿಪೀಠ ಯಾವ ದಿಕ್ಕಿಗಿರಬೇಕು, ಜ್ಞಾನಸ್ನಾನದ ತೊಟ್ಟಿ ಎಲ್ಲಿರಬೇಕು, ಬೈಬಲ್ ವಾಚನ ಎಲ್ಲಿಂದ ನಡೆಯಬೇಕು ಎಂಬುದನ್ನು ಆರಾಧನೆ ನಿರ್ಧರಿಸುತ್ತದೆ. ಗೋಡೆಗೆ ಯಾವ ಕಲ್ಲು, ಮಾಡಿಗೆ ಎಷ್ಟು ಇಳಿಜಾರು, ತೊಲೆಗೆ ಯಾವ ಮರ, ಗಾರೆಗೆ ಏನನ್ನು ಬೆರೆಸಬೇಕು ಎಂಬುದನ್ನು ಆ ಊರಿನ ಬಡಗಿಯೂ ಕಲ್ಲುಕುಟಿಗನೂ ಬಲ್ಲರು. ಈ ಎರಡು ತಿಳಿವಳಿಕೆಗಳು ಕೂಡಿದಾಗ ಚರ್ಚಿನ ಸಾಂಪ್ರದಾಯಿಕ ವಾಸ್ತು ಹುಟ್ಟುತ್ತದೆ. ಹಾಗಾಗಿ ಅದು ಯಾವುದೇ ಒಂದು ದೇಶದ ಸ್ವತ್ತಲ್ಲ. ಭಾರತದ ಪಶ್ಚಿಮ ಕರಾವಳಿ ಮತ್ತು ಕರ್ನಾಟಕದ ಚರ್ಚುಗಳ ಚರಿತ್ರೆ ಇದಕ್ಕೆ ಒಳ್ಳೆಯ ಸಾಕ್ಷಿ.

ಮೊದಲ ಕೆಲವು ಶತಮಾನಗಳಲ್ಲಿ ಕ್ರೈಸ್ತರಿಗೆ ಪ್ರತ್ಯೇಕ ದೇವಾಲಯಗಳೇ ಇರಲಿಲ್ಲ ಎನ್ನಬಹುದು. ಅವರು ಮನೆಗಳಲ್ಲಿ ಸೇರುತ್ತಿದ್ದರು. ಸಿರಿಯಾದ ದೂರಾ ಯೂರೋಪೋಸ್ ಎಂಬ ಕೋಟೆಪಟ್ಟಣದ ಉತ್ಖನನದಲ್ಲಿ 3ನೇ ಶತಮಾನದ ಅಂಥ ಒಂದು ಮನೆ ದೊರೆತಿದೆ. ವಾಸದ ಕೋಣೆಗಳನ್ನೇ ಮಾರ್ಪಡಿಸಿ ಅಲ್ಲಿ ಪ್ರಾರ್ಥನೆಯ ಸಭಾಂಗಣವನ್ನೂ ಜ್ಞಾನಸ್ನಾನದ ಕೋಣೆಯನ್ನೂ ಮಾಡಿಕೊಂಡಿದ್ದರು. 313ರಲ್ಲಿ ರೋಮನ್ ಸಾಮ್ರಾಜ್ಯ ಈ ಧರ್ಮಕ್ಕೆ ಮುಕ್ತ ಆಚರಣೆಯ ಹಕ್ಕು ಕೊಟ್ಟ ಮೇಲೆ ದೊಡ್ಡ ಕಟ್ಟಡಗಳು ಬೇಕಾದವು. ಆಗ ಆಯ್ಕೆಯಾದದ್ದು ರೋಮನ್ನರ ಸಾರ್ವಜನಿಕ ಸಭಾಭವನವಾದ ಬಸಿಲಿಕಾ. ಉದ್ದನೆಯ ನಡುಅಂಕಣ, ಅದರ ಎರಡು ಬದಿಗೆ ಕಂಬಸಾಲಿನ ಪಡಸಾಲೆಗಳು, ಕೊನೆಯಲ್ಲಿ ಅರ್ಧವೃತ್ತದ ಗೂಡು. ನ್ಯಾಯಾಧಿಕಾರಿ ಕೂರುತ್ತಿದ್ದ ಆ ಗೂಡಿನ ಎಡೆಯಲ್ಲಿ ಬಲಿಪೀಠ ಬಂತು. ಊರಿಗೆ ಚಿರಪರಿಚಿತವಾಗಿದ್ದ ಕಟ್ಟಡವೊಂದು ಹೊಸ ಆರಾಧನೆಗೆ ಒಗ್ಗಿಕೊಂಡ ಮೊದಲ ದೊಡ್ಡ ಉದಾಹರಣೆ ಇದು. ಮುಂದೆ ಈ ಧರ್ಮ ಹೋದ ಕಡೆಯೆಲ್ಲ ಇದೇ ಬಗೆಯ ಹೊಂದಾಣಿಕೆ ನಡೆಯಿತು.

ಮಲಬಾರಿನ ಮರ ಮತ್ತು ಕಲ್ಲು

ಭಾರತದಲ್ಲಿ ಕ್ರೈಸ್ತ ಸಮುದಾಯದ ಅತಿ ಹಳೆಯ ನೆಲೆ ಕೇರಳದ ಕರಾವಳಿ. ಸಂತ ತೋಮಾಸರು ಕ್ರಿ.ಶ. 52ರಲ್ಲಿ ಅಲ್ಲಿಗೆ ಬಂದರೆಂಬುದು ಆ ಸಮುದಾಯದ ನಂಬಿಕೆ. ದಾಖಲೆಯ ಆಧಾರ 9ನೇ ಶತಮಾನದಿಂದ ಗಟ್ಟಿಯಾಗಿ ಸಿಗುತ್ತದೆ. 849ರ ತರಿಸಾಪಳ್ಳಿ ತಾಮ್ರಶಾಸನಗಳಲ್ಲಿ ವೇಣಾಡಿನ ಅರಸ ಅಯ್ಯನ್ ಅಡಿಗಳ್ ಕೊಲ್ಲಂನ ಚರ್ಚಿಗೆ ಭೂಮಿಯನ್ನೂ ಹಕ್ಕುಗಳನ್ನೂ ದಾನ ಕೊಟ್ಟು, ಕೃಷಿಕರು ಮತ್ತು ಕಸುಬುದಾರರ ಕುಟುಂಬಗಳನ್ನು ಅದಕ್ಕೆ ಸೇರಿಸಿದ ವಿವರವಿದೆ. ನಾಡಿನ ಬೇರೆ ದೇವಾಲಯಗಳಂತೆ ಚರ್ಚು ಕೂಡ ದತ್ತಿ, ಭೂಮಿ ಮತ್ತು ಕಸುಬುದಾರರ ಆಸರೆಯಲ್ಲಿ ಬೆಳೆಯಿತು ಎಂಬುದು ಈ ಶಾಸನದಿಂದ ತಿಳಿಯುತ್ತದೆ. ಕೊಟ್ಟಾಯಂನ ವಲಿಯಪಳ್ಳಿಯಲ್ಲಿ ಪಹ್ಲವಿ ಲಿಪಿಯ ಬರಹವುಳ್ಳ ಶಿಲೆಯ ಶಿಲುಬೆಗಳಿವೆ. ಚೆನ್ನೈನ ಸೇಂಟ್ ಥಾಮಸ್ ಮೌಂಟ್‌ನಲ್ಲಿಯೂ ಅಂಥದೊಂದಿದೆ. ಪರ್ಷಿಯಾದ ಬರಹ ಮತ್ತು ದಕ್ಷಿಣ ಭಾರತದ ಕಲ್ಲುಕೆತ್ತನೆ ಅವುಗಳಲ್ಲಿ ಒಂದಾಗಿವೆ.

ಕಟ್ಟಡಗಳಲ್ಲಿಯೂ ಇದೇ ಕೂಡುವಿಕೆ ಕಾಣುತ್ತದೆ. ಗುಡಿಯನ್ನೂ ಅರಮನೆಯನ್ನೂ ಕಟ್ಟುತ್ತಿದ್ದ ಆಚಾರಿಗಳೇ ಚರ್ಚಿನ ಮಾಡನ್ನೂ ಕಟ್ಟಿದರು. ದಪ್ಪನೆಯ ಜಂಬಿಟ್ಟಿಗೆ ಗೋಡೆ, ಅದರ ಮೇಲೆ ತೇಗ ಮತ್ತು ಹಲಸಿನ ಮರದ ಜಂತಿಗಳು, ಎರಡು ಕಡೆಗೆ ಕಡಿದಾಗಿ ಇಳಿಯುವ ಮಾಡು, ಮಳೆನೀರು ಗೋಡೆಗೆ ಬಡಿಯದಂತೆ ಹೊರಚಾಚಿದ ಸೂರು. ವರ್ಷಕ್ಕೆ ಎರಡು ಬಾರಿ ಮುಂಗಾರು ಮತ್ತು ಹಿಂಗಾರಿನ ಹೊಡೆತಕ್ಕೆ ಸಿಗುವ ನಾಡಿಗೆ ಇದಕ್ಕಿಂತ ಸೂಕ್ತವಾದ ಮಾಡು ಆಗ ಬೇರೊಂದಿರಲಿಲ್ಲ. ಅಂಗಳದ ಪ್ರವೇಶದಲ್ಲಿ ಪಡಿಪ್ಪುರ ಎಂಬ ಬಾಗಿಲುಮಂಟಪ, ಬಯಲಿನಲ್ಲಿ ಎತ್ತರದ ಪೀಠದ ಮೇಲೆ ಒಂದು ದೊಡ್ಡ ಕಲ್ಲಿನ ಶಿಲುಬೆ, ಅದರ ಬಳಿ ಎಣ್ಣೆದೀಪ ಹಚ್ಚುವ ಗೂಡುಗಳು, ಹಬ್ಬದ ಧ್ವಜವೇರಿಸುವ ಕೊಡಿಮರ. ಕಡುತ್ತುರುತ್ತಿ ಮತ್ತು ಕುರವಿಲಂಗಾಡಿನ ಕಲ್ಲಿನ ಶಿಲುಬೆಗಳು ಇಂದಿಗೂ ಹೆಸರಾಗಿವೆ.

ಒಳಗಿನ ವಿನ್ಯಾಸವನ್ನು ಸಿರಿಯಾಕ್ ಆರಾಧನೆಯ ಕ್ರಮ ರೂಪಿಸಿತು. ಪೂರ್ವದ ತುದಿಯಲ್ಲಿ ಮದ್‌ಬಹಾ ಎಂದು ಕರೆಯುವ ಪವಿತ್ರ ಸ್ಥಳ, ಅದರ ಮುಂದೆ ತೆರೆ. ಆರಾಧನೆಯ ಕೆಲವು ಹೊತ್ತಿನಲ್ಲಿ ತೆರೆ ಮುಚ್ಚುತ್ತದೆ, ಕೆಲವು ಹೊತ್ತಿನಲ್ಲಿ ತೆರೆಯುತ್ತದೆ. ಈ ಭಾಗದ ಮಾಡನ್ನು ಜನ ನಿಲ್ಲುವ ಅಂಕಣದ ಮಾಡಿಗಿಂತ ಎತ್ತರಿಸಿ ಕಟ್ಟುವ ರೂಢಿ ಇತ್ತು. ದೂರದಿಂದ ನೋಡಿದವರಿಗೂ ಬಲಿಪೀಠ ಎಲ್ಲಿದೆಯೆಂದು ಮಾಡಿನ ಎತ್ತರದಿಂದಲೇ ತಿಳಿಯುತ್ತಿತ್ತು. ಗರ್ಭಗುಡಿಯ ಮೇಲೆ ಶಿಖರವನ್ನು ಎತ್ತುವ ನಾಡಿನಲ್ಲಿ ಈ ಏರ್ಪಾಡನ್ನು ಯಾರಿಗೂ ವಿವರಿಸಿ ಹೇಳಬೇಕಾಗಿರಲಿಲ್ಲ.

1498ರಲ್ಲಿ ಕಲ್ಲಿಕೋಟೆಗೆ ಬಂದ ವಾಸ್ಕೋ ಡ ಗಾಮನ ಸಂಗಡಿಗರು ಅಲ್ಲಿನ ಗುಡಿಯೊಂದನ್ನು ಚರ್ಚೆಂದೇ ಭಾವಿಸಿ ಪ್ರಾರ್ಥಿಸಿದರೆಂದು ಆ ಯಾನದ ದಿನಚರಿ ಹೇಳುತ್ತದೆ. ಮುಂದಿನ ನೂರು ವರ್ಷಗಳಲ್ಲಿ ಪೋರ್ಚುಗೀಸರ ಪ್ರಭಾವ ಹೆಚ್ಚಿತು. 1599ರಲ್ಲಿ ಗೋವೆಯ ಮಹಾಧರ್ಮಾಧ್ಯಕ್ಷ ಅಲೆಕ್ಸೊ ದ ಮೆನೆಜಿಸ್ ಉದಯಂಪೇರೂರಿನಲ್ಲಿ ಕರೆದ ಸಿನಡ್ ಸಭೆ ಆರಾಧನೆಯನ್ನು ಲ್ಯಾಟಿನ್ ಪದ್ಧತಿಯತ್ತ ತಿರುಗಿಸಿತು. ಅದರ ಪರಿಣಾಮ ಕಟ್ಟಡಗಳ ಮೇಲೂ ಆಯಿತು. ಸರಳವಾಗಿದ್ದ ಮದ್‌ಬಹಾದಲ್ಲಿ ಚಿನ್ನದ ಲೇಪನದ ಎತ್ತರದ ಮರದ ಬಲಿಪೀಠಗಳೂ ಪ್ರತಿಮೆಗಳೂ ಬಂದವು. ಮಾಡಿನ ಮುಂದೆ ಯೂರೋಪಿನ ಮಾದರಿಯ ಎತ್ತರದ ಮುಖಗೋಡೆ ಎದ್ದಿತು. ಆದರೂ ಆ ಗೋಡೆಯ ಹಿಂದೆ ನಾಡಿನ ಮಾಡು ಉಳಿಯಿತು. 1579ರ ಕೊಟ್ಟಾಯಂನ ಚೆರಿಯಪಳ್ಳಿಯಲ್ಲಿ ಪೋರ್ಚುಗೀಸ್ ಬಗೆಯ ಮುಖಭಾಗ, ಕೇರಳದ ಮರಗೆಲಸ ಮತ್ತು ಗೋಡೆಯ ವರ್ಣಚಿತ್ರಗಳು ಒಟ್ಟಿಗಿವೆ. ಲ್ಯಾಟಿನ್ ಅಧಿಕಾರವನ್ನು ಒಪ್ಪದೆ 1653ರಲ್ಲಿ ಮಟ್ಟಾಂಚೇರಿಯಲ್ಲಿ ಕೂನನ್ ಶಿಲುಬೆಯ ಪ್ರತಿಜ್ಞೆ ಮಾಡಿದವರ ಪರಂಪರೆಯ ಚರ್ಚುಗಳಲ್ಲಿಯೂ ಈ ಮಿಶ್ರ ವಾಸ್ತು ಮುಂದುವರಿಯಿತು. ಸಭೆಗಳು ಒಡೆದರೂ ಕಸುಬು ಒಡೆಯಲಿಲ್ಲ.

ಗೋವೆಯ ಮುರಕಲ್ಲು

1510ರಲ್ಲಿ ಪೋರ್ಚುಗೀಸ್ ಸೇನಾನಿ ಅಲ್ಬುಕರ್ಕ್ ಗೋವೆಯನ್ನು ಗೆದ್ದ ಮೇಲೆ ಅಲ್ಲಿ ಎದ್ದ ಚರ್ಚುಗಳ ರೇಖೆ ಯೂರೋಪಿನದು. 1562ರಲ್ಲಿ ಆರಂಭವಾದ ಸೆ ಪ್ರಧಾನಾಲಯ, 1594ರಲ್ಲಿ ಅಡಿಪಾಯ ಹಾಕಿ 1605ರಲ್ಲಿ ಪವಿತ್ರೀಕರಿಸಿದ ಬೊಮ್ ಜೀಸಸ್, ರೋಮಿನ ಸಂತ ಪೇತ್ರರ ದೇವಾಲಯದ ಮಾದರಿ ಹಿಡಿದ ಸಂತ ಕಯೆಟನ್ ಚರ್ಚು ಇವೆಲ್ಲ ಪೋರ್ಚುಗಲ್ ಮತ್ತು ಇಟಲಿಯ ಕಲ್ಪನೆಗಳು. ಕಟ್ಟಿದ ಕೈಗಳು ಮಾತ್ರ ಸ್ಥಳೀಯ. ಗೋಡೆಗೆ ಅಲ್ಲೇ ಅಗೆದ ಮುರಕಲ್ಲು (ಜಂಬಿಟ್ಟಿಗೆ), ಅದರ ಮೇಲೆ ಸುಣ್ಣದ ಗಾರೆ, ಕಿಟಕಿಗಳಿಗೆ ಗಾಜಿನ ಬದಲು ಹೊಳೆಯುವ ತೆಳುವಾದ ಕಪ್ಪೆಚಿಪ್ಪಿನ ಫಲಕಗಳು. ಈ ಚಿಪ್ಪು ಬಿಸಿಲಿನ ಝಳವನ್ನು ತಡೆದು ಹಾಲಿನಂಥ ಬೆಳಕನ್ನು ಮಾತ್ರ ಒಳಗೆ ಬಿಡುತ್ತದೆ. ಗೋವೆಯ ಪ್ರಸಂಗಪೀಠಗಳನ್ನು ಕೆತ್ತಿದ ಬಡಗಿಗಳು ಅವುಗಳ ಬುಡದಲ್ಲಿ ನಾಗಿಣಿಯ ರೂಪಗಳನ್ನೂ ಅಂಚಿನಲ್ಲಿ ಕಮಲದ ಬಳ್ಳಿಗಳನ್ನೂ ಇರಿಸಿದರು. ತಮ್ಮ ಉಳಿಗೆ ಅಭ್ಯಾಸವಾಗಿದ್ದ ರೂಪಗಳನ್ನು ಅವರು ಹೊಸ ದೇವಾಲಯಕ್ಕೂ ಕೊಟ್ಟರು.

ಮುರಕಲ್ಲಿಗೆ ಒಂದು ಗುಣವೂ ಒಂದು ದೌರ್ಬಲ್ಯವೂ ಇದೆ. ನೆಲದಿಂದ ತೆಗೆಯುವಾಗ ಮೆತ್ತಗಿದ್ದು ಸುಲಭವಾಗಿ ಕತ್ತರಿಸಲು ಬರುತ್ತದೆ, ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುತ್ತದೆ. ಆದರೆ ಅದರ ತುಂಬ ಸಣ್ಣ ರಂಧ್ರಗಳಿರುವುದರಿಂದ ನೀರು ಹೀರುತ್ತದೆ. ಆದ್ದರಿಂದ ಸುಣ್ಣದ ಹೊದಿಕೆ ಅಲಂಕಾರಕ್ಕಿಂತ ಮೊದಲು ಒಂದು ರಕ್ಷಣೆ. ಬೊಮ್ ಜೀಸಸ್ ಚರ್ಚಿನ ಹೊರಗಾರೆಯನ್ನು 1950ರ ದಶಕದಲ್ಲಿ ಕೆತ್ತಿ ತೆಗೆಯಲಾಯಿತು. ಇಂದು ಪ್ರವಾಸಿಗರು ಮೆಚ್ಚುವ ಕೆಂಪು ಬಣ್ಣ ಅದರ ಮೂಲ ಬಣ್ಣವಲ್ಲ. ಮಳೆಗೆ ನೇರ ಸಿಕ್ಕಿದ ಕಲ್ಲು ಸವೆಯುತ್ತಿದ್ದು, ಗಾರೆಯನ್ನು ಮತ್ತೆ ಹೊದಿಸಬೇಕೇ ಎಂಬ ಚರ್ಚೆ ನಡೆದಿದೆ. ಹಳೆಯ ಕುಶಲಿಗಳು ಏನನ್ನು ಯಾಕೆ ಮಾಡಿದ್ದರೆಂದು ತಿಳಿಯದೆ ಕೈಹಾಕಿದರೆ ಆಗುವ ನಷ್ಟ ಇದರಲ್ಲಿ ಕಾಣುತ್ತದೆ.

ಪಾಲನೆ ನಿಂತರೆ ಎಂಥ ದೊಡ್ಡ ಕಟ್ಟಡವೂ ನಿಲ್ಲದು ಎಂಬುದಕ್ಕೆ ಅದೇ ಹಳೆ ಗೋವೆಯ ಸಂತ ಅಗಸ್ಟಿನ್ ಚರ್ಚು ನಿದರ್ಶನ. ಪೋರ್ಚುಗಲ್ ಸರ್ಕಾರ ಧಾರ್ಮಿಕ ಸಂಘಗಳನ್ನು ಹೊರಹಾಕಿದ ಕಾರಣ 1835ರಲ್ಲಿ ಅದು ಬರಿದಾಯಿತು. 1842ರಲ್ಲಿ ಅದರ ಕಮಾನು ಛಾವಣಿ ಕುಸಿಯಿತು. 1931ರಲ್ಲಿ ಮುಖಭಾಗದ ಬಹುಪಾಲು ಉರುಳಿತು. ಈಗ ಒಂಟಿ ಗೋಪುರದ ಅವಶೇಷ ಉಳಿದಿದೆ. ಪೂಜೆ ನಿಲ್ಲದೆ ನಡೆದ ನೆರೆಯ ಚರ್ಚುಗಳು ಉಳಿದು, ಹಳೆ ಗೋವೆಯ ಚರ್ಚು ಮತ್ತು ಮಠಗಳು 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು.

ಕರಾವಳಿಯ ಇಗರ್ಜಿಗಳು ಮತ್ತು ಹೆಂಚು

ಗೋವೆಯಿಂದ ದಕ್ಷಿಣಕ್ಕೆ ವಲಸೆ ಬಂದ ಕೊಂಕಣಿ ಕ್ರೈಸ್ತರೊಂದಿಗೆ ಚರ್ಚು ಕಟ್ಟುವ ಆ ಪದ್ಧತಿಯೂ ಕನ್ನಡ ಕರಾವಳಿಗೆ ಇಳಿಯಿತು. ಇಲ್ಲಿ ಚರ್ಚಿಗೆ ಇಗರ್ಜಿ ಎನ್ನುತ್ತಾರೆ. ಮಂಗಳೂರಿನ ರೊಸಾರಿಯೊ ಇಗರ್ಜಿಯ ಮೂಲ 1568ಕ್ಕೆ ಹೋಗುತ್ತದೆ. ಮಿಲಾಗ್ರಿಸ್ ಇಗರ್ಜಿಯನ್ನು 1680ರಲ್ಲಿ ಧರ್ಮಾಧ್ಯಕ್ಷ ತೋಮಸ್ ದ ಕಾಸ್ತ್ರೊ ಸ್ಥಾಪಿಸಿದರು. 1784ರಲ್ಲಿ ಟಿಪ್ಪು ಸುಲ್ತಾನ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದಾಗ ಅವರ ಇಗರ್ಜಿಗಳಲ್ಲಿ ಹೆಚ್ಚಿನವು ನೆಲಸಮವಾದವು. 1799ರ ನಂತರ ಮರಳಿದವರು ಮೊದಲು ಮಾಡಿದ ಕೆಲಸಗಳಲ್ಲಿ ಇಗರ್ಜಿಗಳ ಪುನರ್ನಿರ್ಮಾಣವೂ ಒಂದು. ಹಾಗಾಗಿ ಈಗ ಕಾಣುವ ಕಟ್ಟಡಗಳಲ್ಲಿ ಬಹುಪಾಲು 19 ಮತ್ತು 20ನೇ ಶತಮಾನದವು. ಅವುಗಳಲ್ಲಿ ಉಳಿದು ಬಂದದ್ದು ಪದ್ಧತಿ: ಮುರಕಲ್ಲಿನ ಗೋಡೆ, ಸುಣ್ಣ ಬಳಿದ ಬಿಳಿ ಮುಖಭಾಗ, ಮುಂದೆ ಮಳೆಗೆ ಆಸರೆಯಾಗುವ ಮುಖಮಂಟಪ, ಪಕ್ಕದಲ್ಲಿ ಗಂಟೆಗೋಪುರ, ಎದುರಿಗೆ ಶಿಲುಬೆ ನಿಲ್ಲಿಸಿದ ವಿಶಾಲ ಅಂಗಳ. ಮೊಂತಿ ಫೆಸ್ತ್ ಎಂಬ ತೆನೆಹಬ್ಬದ ದಿನ ಹೊಸ ತೆನೆಯನ್ನು ಆಶೀರ್ವದಿಸಿ ಹಂಚುವುದು ಇಗರ್ಜಿಯಲ್ಲಿಯೇ. ಮಕ್ಕಳು ಹೂ ಹಿಡಿದು ಸಾಲಾಗಿ ಬರುವ ಆ ಹಬ್ಬಕ್ಕೆ ಅಂಗಳವೂ ಒಳಗಿನ ಅಂಕಣದಷ್ಟೇ ಮುಖ್ಯ.

ಕರಾವಳಿಯ ಮಾಡಿಗೆ ಹೊಸ ರೂಪ ಕೊಟ್ಟದ್ದು ಬಾಸೆಲ್ ಮಿಶನ್. 1834ರಲ್ಲಿ ಮಂಗಳೂರಿಗೆ ಬಂದ ಈ ಪ್ರೊಟೆಸ್ಟಂಟ್ ಸಂಸ್ಥೆ ಮತಾಂತರಗೊಂಡು ಜೀವನೋಪಾಯ ಕಳೆದುಕೊಂಡವರಿಗಾಗಿ ನೇಯ್ಗೆ, ಮುದ್ರಣ ಮೊದಲಾದ ಉದ್ಯೋಗಗಳನ್ನು ತೆರೆಯಿತು. 1865ರಲ್ಲಿ ಗಿಯೋರ್ಗ್ ಪ್ಲೆಬ್ಸ್ಟ್ ನೇತೃತ್ವದಲ್ಲಿ ನೇತ್ರಾವತಿಯ ದಡದಲ್ಲಿ ಹೆಂಚಿನ ಕಾರ್ಖಾನೆ ಆರಂಭವಾಯಿತು. ನದಿಬಯಲಿನ ಜೇಡಿಮಣ್ಣು, ಒತ್ತುಯಂತ್ರ, ಒಂದಕ್ಕೊಂದು ಕೊಂಡಿಯಾಗಿ ಕೂರುವ ಚಪ್ಪಟೆ ಹೆಂಚು. ಮುಳಿಹುಲ್ಲಿನ ಅಥವಾ ನಾಡಹೆಂಚಿನ ಮಾಡಿಗಿಂತ ಇದು ಗಾಳಿಗೂ ಬೆಂಕಿಗೂ ಹೆಚ್ಚು ತಡೆಯಿತು. ಒಡೆದ ಒಂದನ್ನು ತೆಗೆದು ಇನ್ನೊಂದನ್ನು ಇಟ್ಟರೆ ದುರಸ್ತಿ ಮುಗಿಯಿತು. ಹೆಂಚುಗಳ ಸಂದಿನಲ್ಲಿ ಬಿಸಿಗಾಳಿ ಹೊರಹೋಗುವುದರಿಂದ ತುಂಬಿದ ಸಭೆಯಲ್ಲೂ ಒಳಗೆ ತಂಪಿರುತ್ತಿತ್ತು. ಸಭೆಗಳ ನಡುವಿನ ಭೇದವನ್ನು ಲೆಕ್ಕಿಸದೆ ಕ್ಯಾಥೊಲಿಕ್ ಇಗರ್ಜಿ, ಪ್ರೊಟೆಸ್ಟಂಟ್ ಚರ್ಚು, ಗುಡಿ, ಮಸೀದಿ, ಶಾಲೆ, ಮನೆ ಎಲ್ಲಕ್ಕೂ ಇದೇ ಹೆಂಚು ಹೊದಿಕೆಯಾಯಿತು. ಕರಾವಳಿಯ ಕೆಂಪು ಮಾಡುಗಳು ಇಂದು ಸಂಪ್ರದಾಯವೆನಿಸಿವೆ, ಆದರೆ ಅವಕ್ಕೆ ಕೇವಲ ಒಂದೂವರೆ ಶತಮಾನದ ವಯಸ್ಸು. ಹೊಸದೊಂದು ವಸ್ತು ನೆಲಕ್ಕೂ ಮಳೆಗೂ ಕೈಗಳಿಗೂ ಹೊಂದಿದರೆ ಸಂಪ್ರದಾಯ ಅದನ್ನು ಬೇಗನೆ ತನ್ನದಾಗಿಸಿಕೊಳ್ಳುತ್ತದೆ.

ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯ ಈ ಪರಂಪರೆಯ ಇನ್ನೊಂದು ಮುಖ. 1880ರ ದಶಕದಲ್ಲಿ ಕಟ್ಟಿದ ಈ ಕಟ್ಟಡ ಹೊರಗಿನಿಂದ ಸರಳ. 1899ರಲ್ಲಿ ಮಂಗಳೂರಿಗೆ ಬಂದ ಇಟಲಿಯ ಯೇಸುಸಭೆಯ ಸಹೋದರ ಅಂತೋನಿಯೊ ಮೊಸ್ಕೆನಿ ಅದರ ಗೋಡೆಗಳನ್ನೂ ಛಾವಣಿಯನ್ನೂ ಚಿತ್ರಗಳಿಂದ ತುಂಬಿದರು. ಗೋಡೆಯ ಚಿತ್ರಗಳು ಫ್ರೆಸ್ಕೊ ವಿಧಾನದವು. ಹಸಿಯಾಗಿರುವ ಸುಣ್ಣದ ಗಾರೆಯ ಮೇಲೆ ಬಣ್ಣ ಹಚ್ಚಿದಾಗ ಅದು ಗಾರೆಯೊಳಗೇ ಇಂಗಿ ಕಲ್ಲಾಗುತ್ತದೆ. ಛಾವಣಿಯಲ್ಲಿರುವುದು ಕ್ಯಾನ್ವಾಸಿನ ಮೇಲಿನ ತೈಲಚಿತ್ರಗಳು. ಇಂಥ ಗೋಡೆಯಲ್ಲಿ ಚಿತ್ರವೂ ಕಟ್ಟಡವೂ ಬೇರೆಯಲ್ಲ. ಗೋಡೆಗೆ ತೇವ ಏರಿದರೆ ಚಿತ್ರವೇ ಹಾಳಾಗುತ್ತದೆ. 1990ರ ದಶಕದಲ್ಲಿ ಇಂಟ್ಯಾಕ್ ಸಂಸ್ಥೆಯ ತಜ್ಞರು ಈ ಚಿತ್ರಗಳನ್ನು ಸಂರಕ್ಷಿಸುವ ಕೆಲಸ ಮಾಡಿದರು.

ಘಟ್ಟದ ಮೇಲಿನ ಗಾಥಿಕ್

ಬಯಲುಸೀಮೆಯ ಚರಿತ್ರೆ ಬೇರೆ. ಅಲ್ಲಿನ ದೊಡ್ಡ ಚರ್ಚುಗಳು ಎದ್ದದ್ದು ಗಾಥಿಕ್ ಪುನರುಜ್ಜೀವನದ ಕಾಲದಲ್ಲಿ. ಇಂಗ್ಲೆಂಡಿನ ವಾಸ್ತುಶಿಲ್ಪಿ ಎ.ಡಬ್ಲ್ಯು.ಎನ್. ಪ್ಯೂಜಿನ್ 1836 ಮತ್ತು 1841ರ ತನ್ನ ಗ್ರಂಥಗಳಲ್ಲಿ ಮಧ್ಯಯುಗದ ಗಾಥಿಕ್ ಶೈಲಿಯೇ ನಿಜವಾದ ಕ್ರೈಸ್ತ ಶೈಲಿ ಎಂದು ವಾದಿಸಿದ. 1839ರಲ್ಲಿ ಸ್ಥಾಪನೆಯಾದ ಕೇಂಬ್ರಿಜ್ ಕ್ಯಾಮ್ಡೆನ್ ಸೊಸೈಟಿ ಅದೇ ವಾದವನ್ನು ಬ್ರಿಟಿಷ್ ವಸಾಹತುಗಳವರೆಗೆ ಹರಡಿತು. ಫ್ರೆಂಚ್ ಮಿಶನರಿಗಳಿಗೂ ಗಾಥಿಕ್ ತಮ್ಮ ನಾಡಿನ ನೆನಪಿನ ಶೈಲಿಯಾಗಿತ್ತು. ಮೊನಚು ಕಮಾನು, ಪಕ್ಕೆಲುಬಿನಂಥ ಏಣುಗಳುಳ್ಳ ಛಾವಣಿ, ಹೊರಗಿನಿಂದ ಗೋಡೆಗೆ ಒತ್ತುಕೊಡುವ ಆನುಗೋಡೆಗಳು ಕೂಡಿ ಗೋಡೆಯ ಭಾರವನ್ನು ಇಳಿಸಿ, ದೊಡ್ಡ ಬಣ್ಣದ ಗಾಜಿನ ಕಿಟಕಿಗಳಿಗೆ ಎಡೆ ಮಾಡಿಕೊಟ್ಟವು. ಮಂಕು ಬೆಳಕಿನ ಉತ್ತರ ಯೂರೋಪಿನಲ್ಲಿ ಈ ಯುಕ್ತಿ ಹುಟ್ಟಿದ್ದು ಸಹಜ.

ಬೆಂಗಳೂರಿನ ಶಿವಾಜಿನಗರದ ಸಂತ ಮರಿಯಮ್ಮನವರ ಮಹಾದೇವಾಲಯ ಈಗಿನ ಗಾಥಿಕ್ ರೂಪದಲ್ಲಿ 1882ರಲ್ಲಿ ಪವಿತ್ರೀಕರಣಗೊಂಡಿತು. ಕನ್ನಡ ಸಭೆಗಾಗಿ ಕಟ್ಟಿದ ಹಡ್ಸನ್ ಸ್ಮಾರಕ ಚರ್ಚು 1904ರದು, ಅದು ಕಲ್ಲುಗೋಡೆಯ ಗಾಥಿಕ್. ಮೈಸೂರಿನ ಸಂತ ಫಿಲೋಮಿನಾ ಚರ್ಚಿಗೆ 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಹಾಕಿದರು. ಜರ್ಮನಿಯ ಕಲೋನ್ ಪ್ರಧಾನಾಲಯವನ್ನು ನೆನಪಿಸುವ ಅದರ ಜೋಡಿ ಗೋಪುರಗಳ ಎತ್ತರ ಸುಮಾರು 175 ಅಡಿ. ಹೈದರಾಬಾದ್ ಸಂಸ್ಥಾನದ ಮೆದಕ್‌ನಲ್ಲಿ ಮಿಶನರಿ ಚಾರ್ಲ್ಸ್ ವಾಕರ್ ಪಾಸ್ನೆಟ್ ಬರಗಾಲದಲ್ಲಿ ಹಸಿದವರಿಗೆ ಕೆಲಸ ಒದಗಿಸುತ್ತ ಕಟ್ಟಿಸಿದ ಬೃಹತ್ ಗಾಥಿಕ್ ಚರ್ಚು 1924ರ ಕ್ರಿಸ್ಮಸ್‌ನಂದು ಪವಿತ್ರೀಕರಣಗೊಂಡಿತು.

ಈ ಕಟ್ಟಡಗಳ ನಕ್ಷೆ ಪರದೇಶದ್ದಾದರೂ ಅವುಗಳನ್ನು ಪರಕೀಯವೆಂದು ತಳ್ಳಿಹಾಕುವುದು ಸರಿಯಲ್ಲ. ಹಲವು ಕಡೆ ಕಲ್ಲು ಇಲ್ಲಿನದು, ಕಲ್ಲು ಕಡೆದವರು ಇಲ್ಲಿಯವರು. ಸುತ್ತ ನಡೆದ ಆಚರಣೆಯೂ ನಾಡಿನದೇ. ಶಿವಾಜಿನಗರದಲ್ಲಿ ಸೆಪ್ಟೆಂಬರಿನ ಮರಿಯಮ್ಮನ ಹಬ್ಬದಲ್ಲಿ ಸೀರೆಯುಟ್ಟ ಮಾತೆಯ ಪ್ರತಿಮೆ ತೇರೇರಿ ಬೀದಿಗೆ ಬರುತ್ತದೆ. ಎಲ್ಲ ಧರ್ಮದವರೂ ಹರಕೆ ಹೊತ್ತು ಬರುತ್ತಾರೆ. ತಲೆಮಾರುಗಳ ಬಳಕೆ ಪರದೇಶದ ರೂಪವನ್ನೂ ಊರಿನದಾಗಿ ಮಾಡಬಲ್ಲದು.

ಹಾಸನದ ಬಳಿಯ ಶೆಟ್ಟಿಹಳ್ಳಿಯಲ್ಲಿ ಫ್ರೆಂಚ್ ಮಿಶನರಿಗಳು 1860ರ ದಶಕದಲ್ಲಿ ಕಟ್ಟಿದ ಜಪಮಾಲೆ ಮಾತೆಯ ಚರ್ಚಿಗೆ ಆ ಬಳಕೆಯೇ ತಪ್ಪಿಹೋಯಿತು. ಗೊರೂರಿನ ಹೇಮಾವತಿ ಅಣೆಕಟ್ಟೆಯ ಹಿನ್ನೀರು ಊರನ್ನು ಆವರಿಸಿದಾಗ ಜನ ಬೇರೆಡೆಗೆ ಹೋದರು, ಚರ್ಚು ಒಂಟಿಯಾಯಿತು. ಪ್ರತಿ ಮಳೆಗಾಲದಲ್ಲಿ ಅದು ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ಮತ್ತೆ ಹೊರಬರುತ್ತದೆ. ಮಾಡು ಇಲ್ಲದೆ, ಹೀಗೆ ನೆನೆದು ಒಣಗುತ್ತಲೇ ದಶಕಗಳ ಕಾಲ ನಿಂತ ಆ ಗೋಡೆಗಳು ಹಳೆಯ ಗಾರೆಯ ಬಾಳಿಕೆಯನ್ನು ತೋರಿಸುತ್ತವೆ. ಆದರೆ ಆ ಬಾಳಿಕೆಗೂ ಮಿತಿಯಿದೆ, ಗೋಡೆಗಳು ಕಳಚುತ್ತಿವೆ.

ನಾಡಿನ ರೂಪದ ಹೊಸ ಹುಡುಕಾಟ

20ನೇ ಶತಮಾನದಲ್ಲಿ ಭಾರತೀಯ ಕ್ರೈಸ್ತರೇ ತಮ್ಮ ಆರಾಧನಾಸ್ಥಳಕ್ಕೆ ನಾಡಿನ ರೂಪ ಬೇಕೆಂದು ಪ್ರಜ್ಞಾಪೂರ್ವಕವಾಗಿ ಹುಡುಕತೊಡಗಿದರು. 1912ರಲ್ಲಿ ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್ ಆದ ವಿ.ಎಸ್. ಅಜರಯ್ಯ ದೋರ್ನಕಲ್‌ನಲ್ಲಿ ಕಟ್ಟಿಸಿದ ಪ್ರಧಾನಾಲಯ 1939ರಲ್ಲಿ ಪವಿತ್ರೀಕರಣಗೊಂಡಿತು. ಹಿಂದೂ ದೇವಾಲಯದ ಕಂಬಗಳೂ ಇಸ್ಲಾಮಿ ವಾಸ್ತುವಿನ ಗುಮ್ಮಟ ಮತ್ತು ಕಮಾನುಗಳೂ ಅಲ್ಲಿ ಒಂದೇ ಕಟ್ಟಡದಲ್ಲಿ ಸೇರಿವೆ. ತಮಿಳುನಾಡಿನ ತಿರುಪ್ಪತ್ತೂರಿನ ಕ್ರಿಸ್ತುಕುಲ ಆಶ್ರಮದ ಪ್ರಾರ್ಥನಾಲಯ ದ್ರಾವಿಡ ಗುಡಿಯ ರೂಪವನ್ನು ತಳೆಯಿತು.

ಕ್ಯಾಥೊಲಿಕ್ ಸಭೆಯಲ್ಲಿ ಈ ಹುಡುಕಾಟಕ್ಕೆ ಒತ್ತಾಸೆ ಬಂದದ್ದು ಎರಡನೆಯ ವ್ಯಾಟಿಕನ್ ಮಹಾಸಭೆಯಿಂದ. 1963ರ ಅದರ ಆರಾಧನಾ ಸಂವಿಧಾನವು ಯಾವ ಒಂದು ಕಲಾಶೈಲಿಯೂ ಸಭೆಯ ಸ್ವಂತವಲ್ಲವೆಂದು ಸ್ಪಷ್ಟಪಡಿಸಿ, ಎಲ್ಲ ಜನಾಂಗಗಳ ಕಲೆಗೂ ದೇವಾಲಯದಲ್ಲಿ ಸ್ಥಾನ ನೀಡಿತು. ಬೆಂಗಳೂರಿನಲ್ಲಿ 1967ರಲ್ಲಿ ಆರಂಭವಾದ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ಆರಾಧನಾ ಕೇಂದ್ರ ಡಿ.ಎಸ್. ಅಮಲೋರ್ಪವದಾಸ್ ಅವರ ನೇತೃತ್ವದಲ್ಲಿ ಈ ಪ್ರಯೋಗಗಳ ನೆಲೆಯಾಯಿತು. ಅಲ್ಲಿನ ಪ್ರಾರ್ಥನಾಮಂದಿರದಲ್ಲಿ ನಾಡಿನ ಗುಡಿಯ ರೂಪಗಳಿಗೆ ಸ್ಥಾನ ದೊರೆಯಿತು. ಅವರೇ ಮುಂದೆ ಮೈಸೂರಿನಲ್ಲಿ ಅಂಜಲಿ ಆಶ್ರಮ ಸ್ಥಾಪಿಸಿದರು. ಬೆಂಗಳೂರಿನ ಸಿಲ್ವೆಪುರದಲ್ಲಿ ನೆಲೆಸಿದ ಕಲಾವಿದ ಜ್ಯೋತಿ ಸಾಹಿ ಚರ್ಚುಗಳ ವಿನ್ಯಾಸದಲ್ಲಿ ಜನಪದದ ಚಿಹ್ನೆಗಳಿಗೆ ಎಡೆಕೊಟ್ಟರು. ತಿರುವನಂತಪುರದಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ 1971ರಲ್ಲಿ ಕಟ್ಟಿದ ಲೊಯೋಲಾ ಪ್ರಾರ್ಥನಾಲಯ ಬೇರೊಂದು ದಾರಿ ತೋರಿತು. ಹಳೆಯ ರೂಪದ ಅನುಕರಣೆ ಅಲ್ಲಿಲ್ಲ. ಗಾರೆ ಬಳಿಯದ ಇಟ್ಟಿಗೆಯ ಜಾಲರಿ ಗೋಡೆಗಳು ಗಾಳಿಯನ್ನು ಒಳತರುತ್ತವೆ, ಬಿಸಿಲನ್ನು ಸೋಸುತ್ತವೆ. ಹಳೆಯ ಕಸುಬಿನ ವಿವೇಕ ಅಲ್ಲಿ ಹೊಸ ರೂಪದಲ್ಲಿ ಮುಂದುವರಿದಿದೆ.

ಇದೇ ಕಾಲದಲ್ಲಿ ನಷ್ಟವೂ ಆಯಿತು. ಗುರುಗಳು ಜನರತ್ತ ಮುಖಮಾಡಿ ಪೂಜೆ ಅರ್ಪಿಸುವ ಕ್ರಮ ಬಂದಾಗ ಕೆಲವೆಡೆ ಕೆತ್ತನೆಯ ಹಳೆಯ ಬಲಿಪೀಠಗಳನ್ನು ಕಿತ್ತುಹಾಕಿದರು. ಭಕ್ತರ ಸಂಖ್ಯೆ ಹೆಚ್ಚಿ ಸ್ಥಳ ಸಾಲದಾದಾಗ ಕೇರಳದಲ್ಲೂ ಕರಾವಳಿಯಲ್ಲೂ ಎಷ್ಟೋ ಹಳೆಯ ಚರ್ಚುಗಳನ್ನು ಕೆಡವಿ ಕಾಂಕ್ರೀಟಿನ ಸಭಾಂಗಣಗಳನ್ನು ಎತ್ತಿದರು. ಸ್ಥಳದ ಅಗತ್ಯ ನಿಜವಾದದ್ದು. ಆದರೆ ಹಳೆಯದನ್ನು ಉಳಿಸಿ ಪಕ್ಕದಲ್ಲಿ ಹೊಸದನ್ನು ಕಟ್ಟಿದ ಧರ್ಮಕೇಂದ್ರಗಳು ಎರಡನ್ನೂ ಸಾಧಿಸಿವೆ.

ಹಳೆಯ ಕಟ್ಟಡದ ಬೆಲೆ ಮತ್ತು ಪಾಲನೆ

ಸಾಂಪ್ರದಾಯಿಕ ಚರ್ಚು ಕಟ್ಟಡದ ಬೆಲೆಯನ್ನು ಹಲವು ನೆಲೆಗಳಲ್ಲಿ ಗುರುತಿಸಬಹುದು. ಮೊದಲನೆಯದು ಹವೆಗೆ ಹೊಂದಿಕೆ. ದಪ್ಪ ಗೋಡೆ, ಎತ್ತರದ ಮಾಡು, ಆಳವಾದ ಸೂರು, ಉಸಿರಾಡುವ ಹೆಂಚು ವಿದ್ಯುತ್ತಿನ ನೆರವಿಲ್ಲದೆ ನೂರಾರು ಜನರಿಗೆ ತಂಪನ್ನು ಒದಗಿಸುತ್ತವೆ. ಎರಡನೆಯದು ದುರಸ್ತಿಯ ಸುಲಭ. ಹೆಂಚು, ರೀಪು, ಗಾರೆ ಇವುಗಳಲ್ಲಿ ಕೆಟ್ಟ ಭಾಗವನ್ನಷ್ಟೇ ಬದಲಿಸಬಹುದು. ಒಳಗಿನ ಕಬ್ಬಿಣ ತುಕ್ಕು ಹಿಡಿದ ಕಾಂಕ್ರೀಟು ಚಪ್ಪಡಿಗೆ ಆ ಅನುಕೂಲವಿಲ್ಲ. ಮೂರನೆಯದು ಆರಾಧನೆಯ ಬೋಧನೆ. ಅಂಗಳದಿಂದ ಮುಖಮಂಟಪಕ್ಕೆ, ಅಲ್ಲಿಂದ ಜ್ಞಾನಸ್ನಾನದ ತೊಟ್ಟಿಯನ್ನು ದಾಟಿ ಬಲಿಪೀಠದತ್ತ ಸಾಗುವ ನಡಿಗೆ ಅಕ್ಷರ ಬಾರದವರಿಗೂ ನಂಬಿಕೆಯ ಕ್ರಮವನ್ನು ಕಲಿಸಿತು. ನಾಲ್ಕನೆಯದು ಸಮುದಾಯದ ನೆನಪು. ಸೆರೆ, ವಲಸೆ, ಬರ, ಮರಳಿಕೆ ಎಲ್ಲದರ ಗುರುತುಗಳನ್ನೂ ಕಟ್ಟಡದ ಗೋಡೆಗಳು ಹೊತ್ತಿವೆ. ಇವೆಲ್ಲದರ ಜೊತೆಗೆ, ಬೇರೆ ಬೇರೆ ಧರ್ಮದ ಕಸುಬುದಾರರು ಒಂದೇ ಕಟ್ಟಡದಲ್ಲಿ ದುಡಿದ ಚರಿತ್ರೆಯೂ ಅವುಗಳಲ್ಲಿದೆ.

ಪಾಲನೆಯ ನಿಯಮಗಳು ಸರಳ, ಅವುಗಳನ್ನು ಬಿಡದೆ ಪಾಲಿಸುವುದು ಕಷ್ಟ. ಸುಣ್ಣದ ಗಾರೆಯ ಗೋಡೆಗೆ ಸುಣ್ಣದಿಂದಲೇ ದುರಸ್ತಿಯಾಗಬೇಕು. ಮುರಕಲ್ಲಿನ ಮೇಲೆ ಸಿಮೆಂಟು ಬಳಿದರೆ ಒಳಗಿನ ತೇವ ಹೊರಬರಲಾರದೆ ಲವಣಗಳು ಕಟ್ಟಿಕೊಂಡು ಕಲ್ಲೇ ಪುಡಿಯಾಗುತ್ತದೆ. ಪ್ರತಿ ಮಳೆಗಾಲಕ್ಕೆ ಮೊದಲು ಹೆಂಚು ತಿರುವಿ ಒಡೆದುದನ್ನು ಬದಲಿಸಬೇಕು, ದೋಣಿಗಳ ಕಸ ತೆಗೆಯಬೇಕು, ತೊಲೆಗಳಿಗೆ ಗೆದ್ದಲು ಹತ್ತಿದೆಯೇ ನೋಡಬೇಕು. ಗೋಡೆಯ ಬುಡದಲ್ಲಿ ನೀರು ನಿಲ್ಲದಂತೆ ಚರಂಡಿ ಇರಬೇಕು. ಅಂಗಳಕ್ಕೆ ಕಾಂಕ್ರೀಟು ಹಾಕಿದರೆ ನೆಲದ ತೇವ ಗೋಡೆಯ ಕಡೆಗೆ ತಿರುಗುತ್ತದೆ. ಹಳೆಯ ಚಿತ್ರ, ಪ್ರತಿಮೆ, ಬಲಿಪೀಠಗಳಿಗೆ ಹೊಸ ಬಣ್ಣ ಬಳಿಯುವ ಮೊದಲು ಬಲ್ಲವರನ್ನು ಕೇಳಬೇಕು. ಕಟ್ಟಡದ ಅಳತೆ, ಚಿತ್ರ, ದುರಸ್ತಿಯ ವಿವರಗಳನ್ನು ಧರ್ಮಕೇಂದ್ರದ ಕಡತದಲ್ಲಿ ದಾಖಲಿಸಿದರೆ ಮುಂದಿನ ತಲೆಮಾರಿನವರು ಕತ್ತಲಲ್ಲಿ ತಡಕಾಡಬೇಕಾಗುವುದಿಲ್ಲ.

ಕಟ್ಟಡವನ್ನು ಉಳಿಸಬೇಕಾದರೆ ಅದನ್ನು ಕಟ್ಟುವ ಕಸುಬೂ ಉಳಿಯಬೇಕು. ಮಂಗಳೂರಿನ ಹೆಂಚಿನ ಕಾರ್ಖಾನೆಗಳಲ್ಲಿ ಬಹುಪಾಲು ಮುಚ್ಚಿವೆ. ಸುಣ್ಣ ಸುಟ್ಟು, ಕೊಳೆಸಿ, ಅರೆದು ಗಾರೆ ಮಾಡುವ ಕ್ರಮವನ್ನು ಬಲ್ಲವರು ವಿರಳ. ಮರದ ಮಾಡನ್ನು ಲೆಕ್ಕಹಾಕಿ ಕಟ್ಟುವ ಆಚಾರಿಗಳ ಮಕ್ಕಳು ಬೇರೆ ಕೆಲಸಗಳಿಗೆ ಹೋಗಿದ್ದಾರೆ. ಆದ್ದರಿಂದ ಹಳೆಯ ಚರ್ಚಿನ ಪ್ರತಿಯೊಂದು ದುರಸ್ತಿಯೂ ಒಬ್ಬ ಕಿರಿಯ ಕೆಲಸಗಾರನಿಗೆ ಕಲಿಕೆಯ ಅವಕಾಶವಾಗಬೇಕು. ಕರಾವಳಿಯ ಮತ್ತು ಬಯಲುಸೀಮೆಯ ಈ ದೇವಾಲಯಗಳು ಇಲ್ಲಿಯತನಕ ಉಳಿದುಬಂದಿರುವುದು ಭಕ್ತರ ಕಾಣಿಕೆ ಮತ್ತು ಕಸುಬುದಾರರ ಕೈ ಎರಡೂ ಒದಗಿದ್ದರಿಂದ. ಮುಂದೆಯೂ ಅವು ನಿಲ್ಲಬೇಕಾದರೆ ಈ ಎರಡೂ ಬೇಕು.